ಹದಿನೇಳು ಅಂತೆ

“ನಿಮ್ಮ ತಪ್ಪು ಇದರಲ್ಲಿ ಯಾವುದು, ತೋರಿಸಿ,” ಎಂದು ಸಂಯೋಜಕಿ ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು.

ಪರದೆಯ ಮೇಲೆ ತಿದ್ದುಪಡಿಯ ಅರ್ಜಿ ಇತ್ತು. ಹೆಸರು, ದಿನಾಂಕ, ಅಂಕಿಸಂಖ್ಯೆ, ಸ್ಥಳ, ಚಿತ್ರದ ಅಡಿಬರಹ. ಒಂದೊಂದರ ಪಕ್ಕದಲ್ಲೂ ಒಂದು ಚೌಕ. ಎಲ್ಲಕ್ಕಿಂತ ಕೆಳಗೆ ‘ಇತರೆ’ ಎಂದಿತ್ತು. ಅದರ ಚೌಕ ಮಾತ್ರ ಬೂದು ಬಣ್ಣದ್ದು. ಒತ್ತಿದರೆ ಏನೂ ಆಗುತ್ತಿರಲಿಲ್ಲ.

“ಇತರೆ, ಮೇಡಂ.”

“ಇತರೆ ತೆರೀಬೇಕಂದ್ರೆ ನಾಲ್ಕೂ ಸ್ಕೂಲಿನವರು ಒಪ್ಪಬೇಕು. ಎರಡು ಕಡೆ ಈಗ ರಜೆ. ಹೆಸರು ತಪ್ಪಾಗಿದೆಯಾ?”

“ಹೆಸರು ಹಾಕೇ ಇಲ್ಲ.”

“ಅಂಕಿ?”

“ಸರಿಯಾಗಿದೆ.”

“ಮತ್ತೇನ್ರೀ?”

“ಒಂದು ಮಾತು ಬಿಟ್ಟುಹೋಗಿದೆ. ‘ಅಂತೆ’.”

ಸಂಯೋಜಕಿ ಕನ್ನಡಕ ತೆಗೆದು ಅವಳನ್ನು ನೋಡಿದರು. “ಇಂಗ್ಲಿಷಲ್ಲಿ ಅದಕ್ಕೇನಂತಾರೆ?”

“ಏನೂ ಅನ್ನಲ್ಲ ಮೇಡಂ.”

“ಹಾಗಾದ್ರೆ ತಿದ್ದೋದಾದ್ರೂ ಏನನ್ನ?”

ಕೋಣೆಯ ಕಿಟಕಿಯಿಂದ ಶಾಲೆಯ ಗೇಟು ಕಾಣುತ್ತಿತ್ತು. ಗೇಟಿನಾಚೆ ಸಿಮೆಂಟಿನ ಬೆಂಚಿನ ಮೇಲೆ ಆಸ್ಪತ್ರೆ ಲಾಂಡ್ರಿಯ ಚಿಕ್ಕಮ್ಮ ಕೂತಿದ್ದರು, ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರು. ಬೆಳಿಗ್ಗೆ ಒಂಬತ್ತಕ್ಕೇ ಬಂದವರು. ಭೇಟಿಯ ಉದ್ದೇಶವೇನೆಂದು ಕಾವಲಿನವನು ಕೇಳಿದಾಗ “ಬೈಯೋಕೆ ಬಂದಿದೀನಿ” ಎಂದಿದ್ದರು. ಅವನು ಒಳಗೆ ಬಿಟ್ಟಿರಲಿಲ್ಲ.

ಪತ್ರಿಕೋದ್ಯಮ ಒಂದನ್ನೇ ಕಲಿಸುವ ಶಾಲೆ ಅದು. ಬೇರೆ ಬೇರೆ ದೇಶಗಳ ಇನ್ನೂ ಮೂರು ಶಾಲೆಗಳ ಜೊತೆ ಅದರ ಒಪ್ಪಂದವಿತ್ತು. ನಾಲ್ಕೂ ಶಾಲೆಗಳ ವಿದ್ಯಾರ್ಥಿಗಳು ಒಂದೇ ವಿಷಯದ ಮೇಲೆ ತಂತಮ್ಮ ಭಾಷೆಯಲ್ಲಿ ವರದಿ ಬರೆಯಬೇಕು. ಆರಿಸಿದ್ದು ಇಂಗ್ಲಿಷಿಗೂ ಹೋಗಿ, ಎರಡೂ ಭಾಷೆಯಲ್ಲಿ, ಜಂಟಿ ಸಂಚಿಕೆಯಾಗಿ ಜಾಲದಲ್ಲಿ ಬರುತ್ತಿತ್ತು. ಸಂಚಿಕೆಯಲ್ಲಿ ಚೆನ್ನಾಗಿ ಬರೆದ ಇಬ್ಬರಿಗೆ ಆರು ತಿಂಗಳು ಹೊರದೇಶದ ಶಾಲೆಯಲ್ಲಿ ಓದು. ಈ ಬಾರಿಯ ವಿಷಯ ‘ಕೈಗಳು’. ಅವಳು ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಗೆ ಹೋಗಿದ್ದಳು. ಅವಳ ವರದಿ ಮುಖಪುಟಕ್ಕೆ ಬಂತು. ಪಟ್ಟಿಯಲ್ಲಿ ಅವಳ ಹೆಸರು ಮೊದಲನೆಯದೆಂದು ಎಲ್ಲರಿಗೂ ಗೊತ್ತಿತ್ತು. ಇವತ್ತು ಸಂಜೆ ಅದನ್ನು ಗೋಡೆಗೆ ಅಂಟಿಸುವವರಿದ್ದರು.

ತರಗತಿಯಲ್ಲಿ ಅವಳಿಗೆ ಪ್ರೂಫಕ್ಕ ಎಂದು ಹೆಸರು. ಉಳಿದವರಿಗಿಂತ ಹತ್ತು ವರ್ಷ ದೊಡ್ಡವಳು. ಬರುವ ಮುಂಚೆ ಆರು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವಳು. ಬೇರೆಯವರ ತಪ್ಪು ಅವಳ ಕಣ್ಣಿಗೆ ತಾನಾಗಿ ಬೀಳುತ್ತಿತ್ತು. ಹೋಟೆಲಿನ ತಿಂಡಿಪಟ್ಟಿಯನ್ನೂ ತಿದ್ದದೆ ಅವಳು ಊಟ ಮಾಡುವುದಿಲ್ಲ ಎಂದು ಹುಡುಗರು ನಗುತ್ತಿದ್ದರು.

“ಲಾಂಡ್ರಿಯ ಆ ಹೆಂಗಸಿಗೆ ಆಸ್ಪತ್ರೆಯಿಂದ ನೋಟಿಸ್ ಬಂದಿದೆ ಮೇಡಂ. ಅಪಾಯ ಕಣ್ಣಾರೆ ಕಂಡೂ ಮೇಲಿನವರಿಗೆ ತಿಳಿಸಿಲ್ಲ ಅಂತ. ಕೆಲಸದಿಂದ ನಿಲ್ಸಿದಾರೆ. ಮೂರು ಗಂಟೆಗೆ ವಿಚಾರಣೆ. ಆಕೆ ಕಂಡೇ ಇಲ್ಲ. ಕಂಡಿದೀನಿ ಅಂತ ನನ್ನ ಹತ್ರ ಹೇಳೂ ಇಲ್ಲ.”

“ಮತ್ತೆ ನೀವು ಹಾಗೆ ಬರೆದಿರಿ.”

“ಬರೆದೆ.”

ಸಂಯೋಜಕಿ ಎದ್ದು ಬಾಗಿಲು ಮುಂದೆ ಮಾಡಿದರು. ದನಿಯಲ್ಲಿ ಕೋಪವಿರಲಿಲ್ಲ. “ನೋಡಿ, ಎರಡು ವಾರದಲ್ಲಿ ಹೊಸ ಸಂಚಿಕೆ ಬರತ್ತೆ. ಹಳೇದನ್ನ ಯಾರೂ ಓದಲ್ಲ.”

“ಆಸ್ಪತ್ರೆಯವರು ಓದಿದಾರೆ. ಪ್ರಿಂಟ್ ತೆಗೆದು, ಅಡಿಗೆರೆ ಹಾಕಿ.”

“ಹೌದು, ಆದರೆ ಹೇಳಿದ ಮಾತನ್ನ ನಾನೇ ಬದಲಾಯಿಸಿದೆ ಅಂತ ನೀವೇ ಸಹಿ ಹಾಕಿ ಕೊಟ್ಟರೆ ಅದನ್ನ ತಿದ್ದುಪಡಿ ಅನ್ನಲ್ಲ. ಅದಕ್ಕೆ ಬೇರೆ ಹೆಸರಿದೆ. ಆಮೇಲೆ ಪಟ್ಟೀಲಿ ನಿಮ್ಮ ಹೆಸರು ಉಳಿಸೋದು ನನ್ನ ಕೈಲಿಲ್ಲ. ಯೋಚನೆ ಮಾಡಿ.”

ಅವಳು ಯೋಚನೆ ಮಾಡುತ್ತಲೇ ಇದ್ದಳು, ನಿನ್ನೆ ಸಂಜೆಯಿಂದ.

ಲಾಂಡ್ರಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಒಂದು ತುದಿಯಲ್ಲಿ ಕೊಳೆ ಬಟ್ಟೆ ಇಳಿಯುವ ಕೊಳವೆ, ಇನ್ನೊಂದು ತುದಿಯಲ್ಲಿ ಮಡಚುವ ಮೇಜುಗಳು. ನಡುವೆ ಇಸ್ತ್ರಿಯ ದೊಡ್ಡ ಯಂತ್ರ: ಬಿಸಿ ಉರುಳೆಗಳ ನಡುವೆ ಹಸಿ ಹೊದಿಕೆ ಒಂದು ಕಡೆಯಿಂದ ಹೋಗಿ ಒಣಗಿ, ಚಪ್ಪಟೆಯಾಗಿ ಇನ್ನೊಂದು ಕಡೆ ಬರುತ್ತಿತ್ತು. ಬಟ್ಟೆ ಕೊಡುವ ಬದಿಯಲ್ಲಿ ಕೈ ಒಳಗೆ ಹೋಗದಂತೆ ಒಂದು ಉಕ್ಕಿನ ತಡೆಪಟ್ಟಿ. ಎರಡು ತಿಂಗಳ ಹಿಂದೆ ಮಧ್ಯಾಹ್ನದ ಪಾಳಿಯಲ್ಲಿ ಒಬ್ಬನ ಕೈ ಅದನ್ನು ದಾಟಿ ಹೋಗಿತ್ತು. ಮೂರು ಬೆರಳು ಸುಟ್ಟು ಮುದುಡಿಹೋದವು.

ಚಿಕ್ಕಮ್ಮ ಬೆಳಗಿನ ಪಾಳಿಯವರು, ಮಡಚುವ ಮೇಜಿನವರು. ಇಪ್ಪತ್ತೆರಡು ವರ್ಷದಿಂದ ಅಲ್ಲಿದ್ದರು. ಡಾಕ್ಟರುಗಳೂ ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಹೊದಿಕೆಯ ಎರಡು ತುದಿ ಇವಳ ಕೈಗೆ ಕೊಟ್ಟು, ಇನ್ನೆರಡು ತಾವು ಹಿಡಿದು ಮಾತಾಡಿದ್ದರು.

“ಬಟ್ಟೆ ನೋಡಬೇಡ ಕಣೆ, ಬಟ್ಟೆ ಎಲ್ಲಿಗೂ ಓಡಿಹೋಗಲ್ಲ. ಎದುರಿನವರ ಕೈ ನೋಡು. ಹಾಂ. ಆ ತಡೆಪಟ್ಟಿ ಒಂದು ತಿಂಗಳಿಂದ ಸಡಿಲ ಇತ್ತಂತೆ. ಸೂಪರ್‌ವೈಸರಿಗೆ ಗೊತ್ತಿತ್ತಂತೆ. ಅವತ್ತು ಬೆಳಿಗ್ಗೇನೂ ಹೇಳಿದ್ರಂತೆ, ನಾಳೆ ನೋಡೋಣ ಅಂದನಂತೆ. ಆ ವಾರ ನಾನು ರಜೆ, ತಂಗಿ ಮಗಳಿಗೆ ಹೆರಿಗೆ. ಬಂದು ನೋಡ್ತೀನಿ, ಕೈ ಸುಟ್ಟುಕೊಂಡವನ ಜಾಗ ಖಾಲಿ.”

ಅವಳು ಎಲ್ಲವನ್ನೂ ಬರೆದುಕೊಂಡಿದ್ದಳು, ಹೇಳಿದ್ದು ಹೇಳಿದ ಹಾಗೆ. ಮೊದಲ ಕರಡಿನಲ್ಲಿ ಆ ಮಾತುಗಳು ಹಾಗೆಯೇ ಇದ್ದವು. ವರದಿ ತಿದ್ದುವುದನ್ನು ಕಲಿಸುವ ಡೆಸ್ಕ್ ಮೇಷ್ಟ್ರು ಕೆಂಪು ಪೆನ್ನಿನಿಂದ ಒಂದೊಂದು ‘ಅಂತೆ’ಗೂ ಸುತ್ತು ಹಾಕಿ ವಾಪಸು ಕೊಟ್ಟಿದ್ದರು. ಹದಿನೇಳು ಸುತ್ತುಗಳು. ಕಾಗದಕ್ಕೆ ಸಿಡುಬು ಎದ್ದ ಹಾಗಿತ್ತು. ಅಂಚಿನಲ್ಲಿ ಒಂದೇ ಸಾಲು: ಅಂತೆ-ಕಂತೆ ಸಂತೆಯಲ್ಲಿ.

ಗಂಟೆ ಆಗ ಬೆಳಿಗ್ಗೆ ಹನ್ನೊಂದಾಗಿತ್ತು. ಗಡುವು ಮಾರನೆಯ ದಿನದ್ದು. ಆದರೆ ಸಂಚಿಕೆ ಕಟ್ಟುವ ಶಾಲೆಯ ದೇಶದಲ್ಲಿ ಮಾರನೆಯ ದಿನ ಬೇಗ ಬರುತ್ತಿತ್ತು. ಕೈಯಲ್ಲಿ ಆರು ಗಂಟೆ. ಪಕ್ಕದ ಕುರ್ಚಿಯ ಹುಡುಗ, ಕುತ್ತಿಗೆಯಿಂದ ಕ್ಯಾಮೆರಾ ಇಳಿಸದೇ ಇದ್ದುದರಿಂದ ಕ್ಯಾಮೆರಾ ಎಂದೇ ಹೆಸರಾದವನು, “ಒಂದೊಂದೇ ಯಾಕೆ ಕೀಳ್ತೀಯ ಪ್ರೂಫಕ್ಕ, ಕಂಪ್ಯೂಟರಿಗೆ ಹೇಳು, ಎಲ್ಲಾ ಒಂದೇ ಏಟಿಗೆ ಕಿತ್ತು ಹಾಕತ್ತೆ” ಎಂದ. ಹಾಗೇ ಮಾಡಿದಳು. ‘ಗೊತ್ತಿತ್ತಂತೆ’ ಹೋಗಿ ‘ಗೊತ್ತಿತ್ತ’ ಆಯಿತು. ಇನ್ನೊಂದು ಕಡೆ ಚಿಕ್ಕಮ್ಮ “ನನಗೆ ಮಕ್ಕಳ ಚಿಂತೆ ಇಲ್ಲ” ಎಂದದ್ದು “ನನಗೆ ಮಕ್ಕಳ ಚಿ ಇಲ್ಲ” ಎಂದಾಗಿತ್ತು. ಇಬ್ಬರೂ ನಕ್ಕರು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. ಆಮೇಲೆ ಮತ್ತೆ ಮೊದಲಿಗೆ ಬಂದು, ಕೈಯಿಂದಲೇ, ಒಂದೊಂದಾಗಿ ಹದಿನೇಳನ್ನೂ ತೆಗೆದಳು. ‘ಸೂಪರ್‌ವೈಸರಿಗೆ ಗೊತ್ತಿತ್ತು ಎನ್ನುತ್ತಾರೆ ಆಕೆ.’ ಸಾಲು ಚೊಕ್ಕಟವಾಗಿತ್ತು.

ಇಂಗ್ಲಿಷಿಗೆ ಹೋದಾಗ ‘ಎನ್ನುತ್ತಾರೆ’ ಎಂಬುದು ‘ನೆನಪಿಸಿಕೊಳ್ಳುತ್ತಾರೆ’ ಎಂದಾಯಿತು. ಅಷ್ಟು ದೂರ ಕೂತು ಅದನ್ನು ತಿದ್ದಿದ ವಿದ್ಯಾರ್ಥಿಗೆ ‘ಎನ್ನುತ್ತಾರೆ’ ಸಪ್ಪೆ ಎನಿಸಿರಬೇಕು. ನೆನಪಿದೆ ಎಂದಮೇಲೆ ಕಂಡಿರಲೇಬೇಕು.

ಹೆಸರು ಹಾಕಿರಲಿಲ್ಲ. ಇಪ್ಪತ್ತೆರಡು ವರ್ಷ ದುಡಿದ ಹೆಂಗಸು ಎಂದಷ್ಟೇ ಇತ್ತು. ಜೊತೆಗೆ ಕ್ಯಾಮೆರಾ ತೆಗೆದ ಚಿತ್ರ: ಬಿಳಿ ಹೊದಿಕೆಯ ಮೇಲೆ ಎರಡು ಕೈ, ಬಲಗೈಯ ಹೆಬ್ಬೆರಳು ಸೊಟ್ಟ. ಆ ಹೆಬ್ಬೆರಳನ್ನು ಆಸ್ಪತ್ರೆಯಲ್ಲಿ ಗುರುತಿಸದವರು ಯಾರೂ ಇರಲಿಲ್ಲ.

ಸಂಯೋಜಕಿಯ ಕೋಣೆಯಿಂದ ಅವಳು ಹೋದಾಗ ಡೆಸ್ಕ್ ಮೇಷ್ಟ್ರು ಸುದ್ದಿಕೋಣೆಯಲ್ಲಿ ಒಬ್ಬರೇ ಇದ್ದರು. ಗೋಡೆಯ ಮೇಲೆ ನಾಲ್ಕು ದೇಶದ ನಾಲ್ಕು ಗಡಿಯಾರ. ಒಂದು ನಿಂತು ತಿಂಗಳಾಗಿತ್ತು. ಯಾವ ದೇಶದ್ದೆಂದು ಯಾರಿಗೂ ಖಚಿತವಿಲ್ಲದ್ದರಿಂದ ಸೆಲ್ ಹಾಕಿರಲಿಲ್ಲ. ಅವಳು ಹೇಳಿದ್ದನ್ನೆಲ್ಲ ಅವರು ಕೇಳಿದರು, ಊಟದ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

“ನೀವೇ ತೆಗಿ ಅಂದ್ರಿ ಸಾರ್.”

“ನಾನು ಸುತ್ತು ಹಾಕಿದೆ. ತೆಗಿ ಅಂದೆನಾ?”

“ಮತ್ತೆ ಸುತ್ತು ಹಾಕೋದು ಯಾಕೆ?”

“ಅಂತೆ ಅಂದಮೇಲೆ ಅದರ ಹಿಂದೆ ಒಬ್ಬರು ಇರ್ತಾರಮ್ಮ. ಅವರನ್ನ ಹುಡುಕಿ ಕರ್ಕೊಂಡು ಬಾ ಅಂತ. ಮಧ್ಯಾಹ್ನದ ಪಾಳಿಗೆ ಹೋಗಿ ಕೇಳಿದ್ರೆ ಮುಗೀತಿತ್ತು. ನೀನು ಬಾಲ ಕತ್ತರಿಸಿ ಕೋತೀನ ಮನುಷ್ಯ ಮಾಡಿದೆ.”

“ಅದನ್ನ ಅವತ್ತು ಬಾಯ್ಬಿಟ್ಟು ಹೇಳಬಹುದಿತ್ತಲ್ಲ ಸಾರ್.”

“ಹೇಳಬಹುದಿತ್ತು,” ಎಂದರು ಮೇಷ್ಟ್ರು. “ಇಪ್ಪತ್ತಾರು ವರ್ಷ ಪತ್ರಿಕೇಲಿ ಸುತ್ತೇ ಹಾಕಿದೀನಿ. ಎಲ್ರಿಗೂ ಅರ್ಥ ಆಗ್ತಿತ್ತು ಅಂದ್ಕೊಂಡಿದ್ದೆ.”

“ಇದನ್ನ ಒಂದು ಕಾಗದದಲ್ಲಿ ಬರೆದು ಕೊಡ್ತೀರಾ?”

ಅವರು ಡಬ್ಬಿ ಮತ್ತೆ ಹತ್ತಿರ ಎಳೆದುಕೊಂಡರು. “ನನ್ನ ಒಪ್ಪಂದ ವರ್ಷವರ್ಷಕ್ಕೂ ಹೊಸದು ಮಾಡ್ತಾರಮ್ಮ,” ಎಂದರು, ಮುಚ್ಚಳ ತೆಗೆಯುತ್ತಾ.

ಅವಳು ಹೊರಗೆ ಬಂದಳು. ಮೆಟ್ಟಿಲಿನ ಪಕ್ಕದ ಜೆರಾಕ್ಸ್ ಯಂತ್ರದಲ್ಲಿ ತನ್ನ ಟಿಪ್ಪಣಿ ಪುಸ್ತಕದ ಒಂಬತ್ತು ಪುಟಗಳ ಪ್ರತಿ ತೆಗೆದಳು. ಎರಡು ಸಲ ಕಾಗದ ಸಿಕ್ಕಿಕೊಂಡಿತು. ಎರಡನೆಯ ಸಲ ಅವಳು ಯಂತ್ರದ ಪಕ್ಕೆಗೆ ಅಂಗೈಯಿಂದ ಹೊಡೆದಳು, ಜೋರಾಗಿ. ಮೆಟ್ಟಿಲಿಳಿಯುತ್ತಿದ್ದ ಇಬ್ಬರು ಹುಡುಗಿಯರು ನಿಂತು ನೋಡಿ, ಸುಮ್ಮನೆ ಕೆಳಗಿಳಿದರು.

ಹಿಂದಿನ ಸಂಜೆ ನೋಟಿಸಿನ ವಿಷಯಕ್ಕೆ ಚಿಕ್ಕಮ್ಮನ ಫೋನು ಬಂದಾಗ ಅವಳು ಮನೆಯಲ್ಲಿದ್ದಳು. ಎರಡು ಕೋಣೆಯ ಮನೆ, ಇರುವವರು ಇಬ್ಬರು: ಅವಳು ಮತ್ತು ಅತ್ತೆ. ಗಂಡ ತೀರಿಹೋಗಿ ಮೂರು ವರ್ಷ. ಚಪ್ಪಲಿ ಗೂಡಿನ ಕೆಳಗಿನ ಅರೆಯಲ್ಲಿ ಅವನ ಬೂಟು ಇನ್ನೂ ಇತ್ತು. ತೆಗೆಯೋಣವೆಂದು ಇಬ್ಬರೂ ಹೇಳಿರಲಿಲ್ಲ. ಇರಲಿ ಎಂದೂ ಹೇಳಿರಲಿಲ್ಲ.

ಈ ಶಾಲೆಗೆ ಅರ್ಜಿ ಹಾಕು ಎಂದವರು ಅತ್ತೆ. ಪತ್ರಿಕೆಯಲ್ಲಿ ಬಂದ ಜಾಹೀರಾತನ್ನು ಕತ್ತರಿಸಿ ಅವಳ ತಟ್ಟೆಯ ಪಕ್ಕದಲ್ಲಿ ಇಟ್ಟಿದ್ದರು. ಈಗ ನೆರೆಯವರಿಗೆಲ್ಲ “ನಮ್ಮ ಹುಡುಗಿ ಹೊರದೇಶಕ್ಕೆ ಹೋಗ್ತಾಳಂತೆ” ಎಂದು ಹೇಳಿಕೊಂಡು ಬರುತ್ತಿದ್ದರು, ತಾವೂ ಅದನ್ನು ಯಾರ ಬಾಯಿಂದಲೋ ಕೇಳಿದವರ ಹಾಗೆ. ಹೋಗುತ್ತಾಳೆ ಎಂದು ಖಂಡಿತ ಹೇಳಿಬಿಟ್ಟರೆ ಕೆಟ್ಟೀತು ಎಂಬ ಹೆದರಿಕೆ.

ಊಟದ ಹೊತ್ತಿಗೆ ಅತ್ತೆ ಲೋಟಕ್ಕೆ ನೀರು ಬಗ್ಗಿಸುತ್ತಾ, ಎಂದಿನ ಹಾಗೆ, ಯಾರಿಗೆಂದಿಲ್ಲದೆ ಹೇಳಿದ್ದರು: “ನೀರು ಕೇಳಿದನಂತೆ.”

ಕೊನೆಯ ಹೊತ್ತಿನಲ್ಲಿ ಮಗ, ಆಂಬುಲೆನ್ಸಿನಲ್ಲಿ. ಅಷ್ಟೇ. ವಾರಕ್ಕೆ ಒಂದೆರಡು ಸಲ ಈ ಮಾತು ಬರುತ್ತಿತ್ತು. ಆ ಗಾಡಿಯಲ್ಲಿ ಅವರಿಬ್ಬರೂ ಇರಲಿಲ್ಲ. ಅವಳು ಎಂದಿನ ಹಾಗೆ “ಹೂಂ” ಎಂದು ಲೋಟ ತೆಗೆದುಕೊಂಡಿದ್ದಳು. ಆಮೇಲೆ ಟಿಪ್ಪಣಿ ಪುಸ್ತಕ ಬಿಚ್ಚಿ ಚಿಕ್ಕಮ್ಮನ ‘ಅಂತೆ’ಗಳನ್ನು ಎಣಿಸಿದ್ದಳು. ಹದಿನೇಳೂ ಇದ್ದವು.

ಗೇಟಿನ ಹೊರಗೆ ಚಿಕ್ಕಮ್ಮ ಎದ್ದು ನಿಂತರು. ಒಳಗಿನಿಂದ ಬರುತ್ತಿದ್ದ ಅವಳ ಮುಖ ನೋಡಿ ಮತ್ತೆ ಕೂತರು.

“ಆಗಲಿಲ್ಲ ತಾನೆ?”

“ಆಗಲಿಲ್ಲ ಚಿಕ್ಕಮ್ಮ. ಅವರ ಅರ್ಜೀಲಿ ಅದಕ್ಕೆ ಜಾಗ ಇಲ್ಲ.”

“ನಾನು ಕಂಡೆ ಅಂದ್ನೇನೇ? ಹೇಳು. ನಾನು ಬಾಯ್ಬಿಟ್ಟಷ್ಟೂ ಗೀಚ್ತಾ ಇದ್ದೆಯಲ್ಲ. ಕೆಮ್ಮಿದ್ದನ್ನೂ ಬರ್ಕೊಂಡಿರ್ತೀಯ.”

“ನೀವು ಹಾಗೆ ಹೇಳಿಲ್ಲ. ನೀವು ಇತ್ತಂತೆ ಅಂದ್ರಿ. ಆ ಅಂತೆ ತೆಗೆದವಳು ನಾನು.”

“ಯಾಕೆ ತೆಗೆದೆ?” ಚಿಕ್ಕಮ್ಮನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ಅದು ಪಾಪ ನಿನ್ನೇನು ಮಾಡಿತ್ತು? ಅನ್ನ ಕೇಳ್ತಿತ್ತಾ, ಬಟ್ಟೆ ಕೇಳ್ತಿತ್ತಾ?”

ಅವಳು ಕೈಯಲ್ಲಿದ್ದ ಜೆರಾಕ್ಸ್ ಪ್ರತಿಗಳನ್ನು ಮಡಚಿ ಪುಸ್ತಕದೊಳಗೆ ಇಟ್ಟಳು.

“ನಿನ್ನ ಫೋಟೋದ ಹುಡುಗ ಕೈ ತೆಗೀತೀನಿ ಅಂದಾಗ್ಲೇ ನಂಗೆ ಅನುಮಾನ. ಮುಖ ಕೇಳದೆ ಕೈ ಕೇಳೋರನ್ನ ನಂಬಬಾರದು.” ಚಿಕ್ಕಮ್ಮ ಪ್ಲಾಸ್ಟಿಕ್ ಕವರಿನಿಂದ ನೋಟಿಸು ತೆಗೆದರು. ನಾಲ್ಕು ಮಡಿಕೆ, ಅಂಚಿಗೆ ಅಂಚು ಕೂಡಿದ್ದು. “ಇದರಲ್ಲಿ ಏನೇನು ಬರೆದಿದಾರೋ ನನ್ನ ಅಳಿಯ ಮೂರು ಸಲ ಓದಿದ. ಮೂರು ಸಲಾನೂ ನಾನೇ ಕಳ್ಳಿ.”

“ನಡೀರಿ ಚಿಕ್ಕಮ್ಮ. ನಾನೂ ಬರ್ತೀನಿ.”

“ನೀನು ಬಂದು?”

“ನಾನೇ ತೆಗೆದೆ ಅಂತ ಅವರ ಮುಂದೆ ಹೇಳ್ತೀನಿ. ಬರ್ಕೊಡ್ತೀನಿ.”

“ಹೇಳಿದ್ರೆ ನಿನಗೇನೂ ಆಗಲ್ವಾ?”

“ಆಗತ್ತೆ.”

ಚಿಕ್ಕಮ್ಮ ಬೇಡ ಎನ್ನಬಹುದೆಂದು ಅವಳು ಒಂದು ಗಳಿಗೆ ಕಾದಳು. ಚಿಕ್ಕಮ್ಮ ನೋಟಿಸನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಕವರಿಗೆ ಹಾಕಿದರು. “ಮೂರಕ್ಕೆ ಅಂದ್ರೆ ಎರಡೂವರೆಗೆ ಅಲ್ಲಿರಬೇಕು,” ಎಂದರು. “ಬಸ್ಸು ಆ ಕಡೆಯಿಂದ.”

ವಿಚಾರಣೆಯ ಕೋಣೆಯಲ್ಲಿ ಆಡಳಿತಾಧಿಕಾರಿ, ಟೈಪಿಸ್ಟ್ ಹೆಂಗಸು, ನಾಲ್ಕು ಕುರ್ಚಿ. ಅಧಿಕಾರಿ ಒಳ್ಳೆಯ ಮಾತಿನವನು. ಚಿಕ್ಕಮ್ಮನಿಗೆ ಕೂರಲು ಹೇಳಿ, ನೀರು ತರಿಸಿದ. ಮೇಜಿನ ಮೇಲೆ ವರದಿಯ ಎರಡೂ ಭಾಷೆಯ ಪ್ರಿಂಟು ಇತ್ತು. ಹಳದಿ ಗೆರೆಗಳು.

“ತಡೆಪಟ್ಟಿ ಸಡಿಲ ಇದ್ದದ್ದು ನೋಡಿದ್ರೋ ಇಲ್ವೋ ಚಿಕ್ಕಮ್ಮ? ಅಷ್ಟು ಹೇಳಿ ಸಾಕು.”

“ಇಲ್ಲ ಸಾರ್. ನಾನು ಮಡಚೋ ಕಡೆಯವಳು. ಮಷಿನ್ನಿನ ಆ ಬದಿ ನನಗೆ ಕಾಣಲ್ಲ.”

“ಇಲ್ಲಿ ಸೂಪರ್‌ವೈಸರಿಗೆ ಗೊತ್ತಿತ್ತು ಅಂದಿದೀರಲ್ಲ.”

“ಗೊತ್ತಿತ್ತಂತೆ ಅಂದಿದ್ದು.”

ಟೈಪಿಸ್ಟ್ ಬೆರಳು ನಿಲ್ಲಿಸಿದಳು. “ಸಾರ್, ಗೊತ್ತಿತ್ತಂತೆ ಅಂತೆಲ್ಲ ಹೊಡೆಯೋಕಾಗಲ್ಲ. ‘ಗೊತ್ತಿತ್ತೆಂದು ತಿಳಿದುಬಂದಿರುತ್ತದೆ’ ಅಂತ ಹಾಕ್ತೀನಿ.”

“ಹಾಕಿ. ಯಾರಿಂದ ತಿಳಿದುಬಂತು ಚಿಕ್ಕಮ್ಮ? ಹೆಸರು ಹೇಳಿ.”

ಮಧ್ಯಾಹ್ನದ ಪಾಳಿಯಲ್ಲಿ ಒಂಬತ್ತು ಜನ ಇದ್ದರು. ಯಾರ ಹೆಸರು ಬಂದರೂ ನಾಳೆ ಆ ಮನೆಗೆ ಒಂದು ನೋಟಿಸು ಹೋಗುತ್ತಿತ್ತು. ಅವಳಿಗೆ ಮೇಷ್ಟ್ರ ಮಾತು ನೆನಪಾಯಿತು: ಅಂತೆಯ ಹಿಂದೆ ಒಬ್ಬರು ಇರುತ್ತಾರೆ.

ಚಿಕ್ಕಮ್ಮ ಲೋಟದ ನೀರು ಪೂರ್ತಿ ಕುಡಿದರು. “ಆ ಮಷಿನ್ ಸದ್ದಿನಲ್ಲಿ ಯಾರು ಅಂದ್ರೋ ಯಾರಿಗೆ ಗೊತ್ತು ಸಾರ್? ಅಂತಿದ್ರು. ಕಿವಿಗೆ ಬಿತ್ತು. ಕಿವಿಗೆ ಬಾಗಿಲು ಇಲ್ಲವಲ್ಲ.”

ಅಧಿಕಾರಿ ಅವಳ ಕಡೆ ತಿರುಗಿದ. ಅವಳು ಟಿಪ್ಪಣಿಯ ಪ್ರತಿಗಳನ್ನು ಮುಂದಿಟ್ಟಳು. ಎಲ್ಲಿ ಏನು ತೆಗೆದೆ ಎಂದು ಹೇಳಿದಳು. ಅವನು ಒಂದು ಪುಟ ನೋಡಿದ, ಇನ್ನೊಂದು ನೋಡಿದ, ಅವಳ ಅಕ್ಷರ ಓದಲಾಗದೆ ಕೆಳಗಿಟ್ಟ. “ಇಷ್ಟಕ್ಕೆಲ್ಲ ಏನು ವ್ಯತ್ಯಾಸ ಆಗತ್ತೆ ಮೇಡಂ? ಇತ್ತು, ಇತ್ತಂತೆ. ಎರಡೂ ಒಂದೇ ಅಲ್ವಾ?”

“ಒಂದೇ ಆಗಿದ್ರೆ ನೀವು ಇವರಿಗೆ ನೋಟಿಸ್ ಕೊಡ್ತಿರಲಿಲ್ಲ ಸಾರ್. ನಿಮ್ಮ ಕನ್ನಡದ ಪ್ರಿಂಟು ಇಲ್ಲಿ ಕೊಡಿ. ಒಂದು ಪೆನ್ನು.”

ದನಿ ಏರಿತ್ತು. ಟೈಪಿಸ್ಟ್ ತನ್ನ ಪೆನ್ನು ಕೊಟ್ಟಳು.

ಅವಳು ಪ್ರಿಂಟನ್ನು ಎಳೆದುಕೊಂಡು ಮೊದಲ ಸಾಲಿನಿಂದ ಓದತೊಡಗಿದಳು, ಮುದ್ರಣಾಲಯದಲ್ಲಿ ಓದುತ್ತಿದ್ದ ಹಾಗೆ, ಸಾಲಿನ ಕೆಳಗೆ ಎಡಗೈಯ ಬೆರಳು ಇಟ್ಟು. ಬೇಕಾದಲ್ಲಿ ‘ಸೇರಿಸು’ ಎಂಬ ಗುರುತು ಹಾಕಿದಳು: ಎರಡು ಪುಟ್ಟ ಗೆರೆ, ಮೇಲೆ ಕೂಡಿದ್ದು, ಸಣ್ಣ ಮನೆಯ ಸೂರಿನ ಹಾಗೆ. ಅಂಚಿನಲ್ಲಿ ‘ಅಂತೆ’ ಎಂದು ಬರೆದು ಪಕ್ಕದಲ್ಲಿ ಸಣ್ಣ ಸಹಿ. ಮತ್ತೊಂದು ಸೂರು. ಮತ್ತೊಂದು ಸಹಿ. ಅಧಿಕಾರಿ ಗಡಿಯಾರ ನೋಡಿದ, ಫೋನು ನೋಡಿದ. ಅವಳು ಅವಸರ ಮಾಡಲಿಲ್ಲ. ಹದಿನೇಳು ಮುಗಿದಮೇಲೆ ಕೆಳಗೆ ಬರೆದಳು: ಇವನ್ನು ಆಕೆ ಹೇಳಿದ್ದರು, ನಾನು ತೆಗೆದಿದ್ದೆ. ತನ್ನ ಪೂರ್ತಿ ಹೆಸರು, ಶಾಲೆಯ ಹೆಸರು, ತಾರೀಖು.

ಅಧಿಕಾರಿ ಅದನ್ನು ಕಡತಕ್ಕೆ ಸೇರಿಸಿದ. ಸೋಮವಾರದಿಂದ ಕೆಲಸಕ್ಕೆ ಬರಬಹುದು ಎಂದ. “ಆದರೆ ಮಡಚೋ ಕಡೆ ಅಲ್ಲ. ಸದ್ಯಕ್ಕೆ ಕೊಳೆ ಬಟ್ಟೆ ವಿಂಗಡಿಸೋ ಕಡೆ. ಇದು ಶಿಕ್ಷೆ ಅಲ್ಲ, ಮತ್ತೆ ಪತ್ರಿಕೇಲಿ ಬರೀಬೇಡಿ,” ಎಂದು ನಕ್ಕ.

ತಡೆಪಟ್ಟಿಯ ವಿಷಯ ಯಾರೂ ಎತ್ತಲಿಲ್ಲ.

ಹೊರಗೆ ಬಂದಮೇಲೆ ಚಿಕ್ಕಮ್ಮ ತಮ್ಮ ಚೀಲ ತರಲು ನೆಲಮಾಳಿಗೆಗೆ ಇಳಿದರು. ಅವಳೂ ಇಳಿದಳು. ಬಾಗಿಲು ಅರ್ಧ ತೆರೆದಿತ್ತು. ಯಂತ್ರ ನಡೆಯುತ್ತಿತ್ತು, ಇಬ್ಬರು ಹಸಿ ಹೊದಿಕೆ ಒಳಗೆ ಕೊಡುತ್ತಿದ್ದರು. ತಡೆಪಟ್ಟಿಯ ಎಡತುದಿಯನ್ನು ಹರಿದ ಹೊದಿಕೆಯ ಪಟ್ಟಿಯಿಂದ ಕಟ್ಟಿದ್ದರು. ಬಟ್ಟೆ ಒಳಗೆ ಹೋದಾಗಲೆಲ್ಲ ಅದು ಸ್ವಲ್ಪ ಜಗ್ಗಿ, ಮತ್ತೆ ಮೇಲೆ ಬರುತ್ತಿತ್ತು. ಅವಳು ಪುಸ್ತಕ ತೆಗೆದು ಗಂಟೆ ಬರೆದಳು. ಕೆಳಗೆ ಬರೆದಳು: ತಡೆಪಟ್ಟಿ ಸಡಿಲವಾಗಿದೆ.

“ನಡಿಯೇ,” ಎಂದರು ಚಿಕ್ಕಮ್ಮ ಚೀಲ ಹೆಗಲಿಗೆ ಹಾಕಿಕೊಂಡು. “ಬಾಗಿಲಲ್ಲಿ ನಿಂತು ಗೀಚಬೇಡ, ನೋಡ್ತಾರೆ.” ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದರು. ಚಿಕ್ಕಮ್ಮ ತಮ್ಮ ಬಸ್ಸು ಹತ್ತುವಾಗ ತಿರುಗಿ, “ಕೊಳೆ ಬಟ್ಟೆ ಕಡೆ ಗಬ್ಬು ವಾಸನೆ ಕಣೆ,” ಎಂದರು.

ಅವಳ ಬಸ್ಸು ಬರುವ ಮುಂಚೆ ಕ್ಯಾಮೆರಾ ಫೋನು ಮಾಡಿದ.

“ಪ್ರೂಫಕ್ಕ, ಆಸ್ಪತ್ರೆಯಿಂದ ಸ್ಕೂಲಿಗೆ ಫೋನ್ ಬಂತಂತೆ. ಪಟ್ಟಿ ಹಾಕಿದಾರಂತೆ. ನಿನ್ನ ಹೆಸರು ಇಲ್ಲವಂತೆ.”

“ನೀನು ನೋಡಿದೆಯಾ?”

“ಇಲ್ಲ. ಅಂತಿದ್ರು.”

“ಸರಿ,” ಎಂದಳು.

ಮನೆಗೆ ಬಂದಾಗ ಬೆಳಕು ಇನ್ನೂ ಇತ್ತು. ಅತ್ತೆ ಮಹಡಿಯ ತಂತಿಯಿಂದ ಒಣಗಿದ ಬಟ್ಟೆ ತಂದು ಮಂಚದ ಮೇಲೆ ಹಾಕಿದ್ದರು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.

“ಏನಂತೆ?” ಎಂದರು ಅತ್ತೆ.

“ಇಲ್ಲವಂತೆ.”

“ಯಾರು ಹೇಳಿದ್ದು?”

ಮೂರು ವರ್ಷದಲ್ಲಿ ಆ ಮನೆಯಲ್ಲಿ, ‘ನೀರು ಕೇಳಿದನಂತೆ’ ಎಂದಾಗಲೂ, ಆ ಪ್ರಶ್ನೆಯನ್ನು ಯಾರೂ ಯಾರನ್ನೂ ಕೇಳಿರಲಿಲ್ಲ. ಅತ್ತೆ ಅವಳ ಮುಖ ನೋಡಿದರು, ಆಮೇಲೆ ಬೇರೆಲ್ಲೋ ನೋಡಿದರು. ಕೈಯಲ್ಲಿ ಹೊದಿಕೆಯ ಎರಡು ತುದಿ ಇತ್ತು.

ಅವಳು ಹೋಗಿ ಉಳಿದೆರಡು ತುದಿ ಹಿಡಿದಳು. ಇಬ್ಬರೂ ಹಿಂದಕ್ಕೆ ಸರಿದು ಬಟ್ಟೆಯನ್ನು ಬಿಗಿ ಮಾಡಿದರು.

“ಬಟ್ಟೆ ನೋಡಬೇಡಿ ಅತ್ತೆ,” ಎಂದಳು ಅವಳು. “ನನ್ನ ಕೈ ನೋಡಿ.”